ವರ್ನೆಲಕ್ಕನ ಐಸ್ ಪೆಟ್ಟಿಗೆ

ನಮ್ಮಕ್ಕ ವರ್ನೆಲ್ ಜಿಪುಣಿ ಎಂದು ವೇಕ್ರಾಸ್ ಊರಿನಲ್ಲಿ ಯಾರಾದರೂ ಅಂದರೆ ನಾನು ಅವರ ಮೇಲೆ ಜಗಳಕ್ಕೇ ಹೋಗುತ್ತಿದ್ದೆ. ಹಾಗೆ ಅನ್ನುವ ಹಕ್ಕು ತಂಗಿಯಾದ ನನಗೊಬ್ಬಳಿಗೇ ಇತ್ತು. ಶಾಲೆಯ ಅಡುಗೆಮನೆಯಲ್ಲಿ ಅರ್ಧ ಆಯುಸ್ಸು ಸವೆಸಿದವಳು ಅವಳು. ಗಂಡ ಸತ್ತ ಮೇಲೆ ಆ ಸಂಬಳದಲ್ಲೇ ಮಗಳು ರೊಂಡಾಳನ್ನು ಬೆಳೆಸಿದಳು. ರೊಂಡಾಳ ಗಂಡ ಬಿಟ್ಟುಹೋದ ಮೇಲೆ ಮೊಮ್ಮಗಳು ಕೆಲ್ಸಿಯೂ ಅವಳ ಮಡಿಲಿಗೇ ಬಂದಳು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸುವುದು ಅವಳಿಗೆ ಕಷ್ಟವೇ ಅನ್ನಿಸುತ್ತಿರಲಿಲ್ಲ, ಅದರಲ್ಲೊಂದು ಹೆಮ್ಮೆ ಇತ್ತು. ಆದರೆ ಕೆಲ್ಸಿಯ ಔಷಧದ ವಿಷಯದಲ್ಲಿ ಅವಳೆಂದೂ ಕೈ ಬಿಗಿ ಹಿಡಿದವಳಲ್ಲ. ಆ ಹುಡುಗಿಗೆ ಚಿಕ್ಕಂದಿನಿಂದಲೇ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಬೀಳದಿದ್ದರೆ ಉಳಿಯುವ ಮಗುವಲ್ಲ. ರೊಂಡಾ ಬೆಳಕು ಹರಿಯುವ ಮೊದಲೇ ಕೋಳಿ ಕಾರ್ಖಾನೆಗೆ ಹೋಗುತ್ತಿದ್ದಳು, ಹಾಗಾಗಿ ಸೂಜಿ ಹಾಕುವ ಕೆಲಸ ಅಜ್ಜಿಯದು.

ಕೆಲ್ಸಿಗೆ ಹತ್ತು ತುಂಬಿದಾಗ ಫ್ಲಾರಿಡಾದ ಒರ್ಲಾಂಡೊದಲ್ಲಿರುವ ದೊಡ್ಡ ಆಟದ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಳು. ರೊಂಡಾಳಿಗೆ ರಜೆ ಸಿಗಲಿಲ್ಲ, ಜೊತೆಗೆ ನಾನು ಹೊರಟೆ.

"ಟಿಕೆಟ್ ದುಡ್ಡು ಹೋಗ್ಲಿ, ಅದಕ್ಕೇನೂ ಮಾಡೋಕಾಗಲ್ಲ," ಎಂದಳು ಅಕ್ಕ. "ಊಟಕ್ಕೆ ಮಾತ್ರ ನನ್ನ ಒಂದು ಡಾಲರೂ ಅವರ ಗಲ್ಲಾಕ್ಕೆ ಬೀಳಬಾರದು. ಒಂದು ಬರ್ಗರಿಗೆ ಅವರು ಕೇಳೋ ದುಡ್ಡಲ್ಲಿ ನಾನು ಒಂದು ಕ್ಲಾಸಿಗೆ ಊಟ ಹಾಕ್ತೀನಿ."

ಹೊರಡುವ ಹಿಂದಿನ ದಿನ ಅವಳ ಅಡುಗೆಮನೆ ನೋಡಬೇಕಿತ್ತು. ಟ್ಯೂನಾ ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಹುರಿದ ಕೋಳಿ, ಹೆಚ್ಚಿದ ಸೌತೆಕಾಯಿ ಎಲ್ಲ ಬೇರೆ ಬೇರೆ ಡಬ್ಬಿಗಳಲ್ಲಿ. ಫ್ರೀಜರಿನಿಂದ ಎರಡು ದೊಡ್ಡ ಹಾಲಿನ ಕ್ಯಾನು ತೆಗೆದಳು. ಒಳಗಿದ್ದದ್ದು ಹಾಲಲ್ಲ, ಉಪ್ಪು ಕದಡಿ ಹೆಪ್ಪುಗಟ್ಟಿಸಿದ ನೀರು.

"ಬರೀ ನೀರಿನ ಐಸಿಗಿಂತ ಇದು ಎರಡರಷ್ಟು ತಣ್ಣಗಿರುತ್ತೆ ಕಣೇ ನೋಲಾ. ಕರೆಂಟ್ ಹೋದಾಗ ನಾವು ಶಾಲೇಲಿ ಮಾಂಸ ಉಳಿಸ್ತಿದ್ದದ್ದೇ ಹೀಗೆ."

ಇನ್ಸುಲಿನ್ನಿನ ಎರಡೂ ಬಾಟಲಿಗಳನ್ನು ಕರವಸ್ತ್ರದಲ್ಲಿ ಸುತ್ತಿ ಐಸ್ ಪೆಟ್ಟಿಗೆಯೊಳಗೆ ಆ ಎರಡು ಕ್ಯಾನುಗಳ ನಡುವೆ ಇಟ್ಟಳು. ಫ್ಲಾರಿಡಾದ ಬಿಸಿಲಿಗೆ ಔಷಧ ಕೆಡಬಾರದೆಂದು ಪೆಟ್ಟಿಗೆಯಲ್ಲೇ ಅತಿ ಒಳ್ಳೆಯ ಜಾಗವನ್ನು ಅದಕ್ಕೆ ಕೊಟ್ಟಳು. ಇನ್ಸುಲಿನ್ ಬಿಸಿಲಿಗೆ ಸಾಯುವ ಹಾಗೆಯೇ ಹೆಪ್ಪುಗಟ್ಟಿದರೂ ಸಾಯುತ್ತದೆ, ಕರಗಿದ ಮೇಲೆ ಅದನ್ನು ನಂಬುವ ಹಾಗಿಲ್ಲ. ಇದು ನಮಗೆ ಗೊತ್ತಿರಲಿಲ್ಲ. ಬಿಸಿಯಲ್ಲಿಟ್ಟದ್ದು ಕೆಡುತ್ತದೆ, ಫ್ರೀಜರಿನಲ್ಲಿಟ್ಟದ್ದು ಕೆಡುವುದಿಲ್ಲ ಎಂಬುದು ಅವಳು ಅಡುಗೆಮನೆಯಲ್ಲಿ ಕಲಿತ ಮೊದಲ ಪಾಠ. ಆ ಪಾಠ ಅವಳಿಗೆ ಯಾವತ್ತೂ ಕೈ ಕೊಟ್ಟಿರಲಿಲ್ಲ.

ರಾತ್ರಿ ಉಳಿದ ಮೋಟೆಲಿನಲ್ಲಿ ಬೆಳಿಗ್ಗೆ ಬಾಟಲಿ ತೆಗೆದರೆ ಒಳಗೆ ಐಸ್ ಕಟ್ಟಿತ್ತು. ಅಕ್ಕ ಅದನ್ನು ಅಂಗೈಯಲ್ಲಿ ಉರುಳಿಸಿ ಉರುಳಿಸಿ ಕರಗಿಸಿದಳು. ಗಾಜಿನ ಒಳಮೈಗೆ ಬಿಳೀ ಚೂರುಗಳು ಅಂಟಿಕೊಂಡವು.

"ಏನೇ ಇದು, ಹಾಲು ಒಡೆದ ಹಾಗಿದೆ?" ಎಂದೆ.

"ಹಂದಿ ಕೊಬ್ಬು ಚಳಿಗೆ ಗಟ್ಟಿಯಾಗಲ್ವಾ, ಹಾಗೇ. ಔಷಧ ಔಷಧಾನೇ." ಕೆಲ್ಸಿ ತೋಳು ಚಾಚಿದಳು. ಅಕ್ಕ ಸೂಜಿ ಹಾಕಿದಳು.

ಅವತ್ತಿಡೀ ಹುಡುಗಿ ನೀರು ಕುಡಿದಳು. ಪಾರ್ಕಿನ ಅಂಗಡಿಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಹಾಗೆ ಅಕ್ಕ ಪ್ರತಿ ಅಂಗಡಿಯ ಮುಂದೂ ನಿಂತು ಲೋಟ ತುಂಬಿಸಿಕೊಂಡು ಬರುತ್ತಿದ್ದಳು. ಕೆಲ್ಸಿ ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಚಾಚುತ್ತಿದ್ದಳು. ಸರದಿ ಇನ್ನೇನು ಬಂತು ಅನ್ನುವಾಗ ಸಾಲು ಬಿಟ್ಟು ಶೌಚಾಲಯಕ್ಕೆ ಓಡುತ್ತಿದ್ದಳು.

"ನೋಡೇ, ಒಂದ್ಸಲಾನೂ ಸೋಡಾ ಬೇಕು ಅನ್ಲಿಲ್ಲ," ಎಂದು ಅಕ್ಕ ಹಿಗ್ಗಿದಳು. "ನನ್ನ ಮೊಮ್ಮಗಳು ಅಂದ್ರೆ ಹೀಗಿರಬೇಕು."

"ಇಷ್ಟೊಂದು ಬಾಯಾರಿಕೆ ಯಾಕೆ ಅಕ್ಕ?"

"ಈ ಬಿಸಿಲಿಗೆ ಇನ್ನೇನಾಗುತ್ತೆ? ನೀನೂ ಮೂರು ಲೋಟ ಕುಡಿದೆ."

ಅದೂ ನಿಜವೇ. ಊರಿಗೆ ಊರೇ ಬಾಯಾರಿ ನಿಂತಿದ್ದ ಜಾಗದಲ್ಲಿ ಒಂದು ಮಗುವಿನ ಬಾಯಾರಿಕೆ ಬೇರೆಯಾಗಿ ಯಾರಿಗೆ ಕಾಣಬೇಕು? ಸಂಜೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ವಿಪರೀತ ಏರಿತ್ತು. ಅಕ್ಕ ಮೋಟೆಲಿನ ಬಿಟ್ಟಿ ತಿಂಡಿಗೆ ಬೈದಳು, ಅವರ ದೋಸೆಯಂಥ ರೊಟ್ಟಿಯಲ್ಲಿ ಏನೇನು ಸಕ್ಕರೆ ಇತ್ತೋ ಎಂದಳು. ಡಾಕ್ಟರು ಹೇಳಿಕೊಟ್ಟಿದ್ದ ಲೆಕ್ಕದಲ್ಲೇ ಸ್ವಲ್ಪ ಹೆಚ್ಚು ಇನ್ಸುಲಿನ್ ಹಾಕಿದಳು, ಅದೇ ಬಾಟಲಿಯಿಂದ.

ರೊಂಡಾ ಫೋನ್ ಮಾಡಿದಳು. "ಹೇಗಿದಾಳಮ್ಮಾ?"

"ಸಕ್ಕರೆ ಜಾಸ್ತಿ ಇದೆ. ಸೂಜಿ ಹಾಕಿದೀನಿ, ಇಳಿಯುತ್ತೆ. ನೀನು ಮಲಗು."

ಇಳಿಯಲಿಲ್ಲ. ಮಾರನೆಯ ದಿನ ಕೆಲ್ಸಿಗೆ ಆಟದ ಮೇಲೆ ಮನಸ್ಸೇ ಇರಲಿಲ್ಲ. ಸಿಕ್ಕ ಬೆಂಚಿನ ಮೇಲೆಲ್ಲ ಕೂತಳು. ಒಂದೇ ದಿನದಲ್ಲಿ ಮುಖ ಒಳಕ್ಕೆ ಹೋಗಿತ್ತು. ಮಧ್ಯಾಹ್ನ ಊಟಕ್ಕೆಂದು ಕಾರಿನ ಹತ್ತಿರ ಬಂದಾಗ ಡಿಕ್ಕಿಯ ಪಕ್ಕದಲ್ಲೇ ವಾಂತಿ ಮಾಡಿಕೊಂಡಳು.

ಊಟ ಕೆಟ್ಟಿರಬೇಕು ಎಂದುಕೊಂಡಳು ಅಕ್ಕ. ಐಸ್ ಪೆಟ್ಟಿಗೆ ತೆರೆದು ಒಂದೊಂದೇ ಸ್ಯಾಂಡ್‌ವಿಚ್ ಮೂಸಿದಳು. ಒಂದನ್ನು ಕಚ್ಚಿ ಅಗಿದಳು. "ಕೆಟ್ಟಿಲ್ಲ. ಕೆಟ್ಟಿಲ್ಲ ಕಣೇ ಇದು." ಆದರೂ ನಂಬಿಕೆ ಸಾಲದೆ ಡಬ್ಬಿಗಳನ್ನೆಲ್ಲ ಕಸದ ತೊಟ್ಟಿಗೆ ಸುರಿದಳು, ಕೋಳಿ, ಮೊಟ್ಟೆ, ಎಲ್ಲವನ್ನೂ. ಅಕ್ಕ ಅನ್ನವನ್ನು ಎಸೆದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೆ ಹೆದರಿಕೆ ಹತ್ತಿದ್ದೇ ಆಗ. ಬಾಟಲಿಗಳು ಮಾತ್ರ ಪೆಟ್ಟಿಗೆಯಲ್ಲಿ ತಣ್ಣಗೆ ಕೂತಿದ್ದವು.

ಕೆಲ್ಸಿಯನ್ನು ಎತ್ತಿಕೊಂಡೆ. ಓಡಿ ಬಂದವಳ ಹಾಗೆ ಆಳವಾಗಿ ಉಸಿರೆಳೆಯುತ್ತಿದ್ದಳು. ಬಾಯಿಂದ ಕೊಳೆತ ಪೇರಳೆಯ ವಾಸನೆ ಬಂತು.

"ಅಕ್ಕ, ಇದು ಊಟದ್ದಲ್ಲ, ಸಕ್ಕರೆಯದ್ದು," ಎಂದೆ. ಅವಳು ಔಷಧದ ಕರವಸ್ತ್ರ ಹಿಡಿದುಕೊಂಡಳು, ನಾನು ಮಗುವನ್ನು ಹೊತ್ತುಕೊಂಡು ಗೇಟಿನತ್ತ ಓಡಿದೆ. ಅಲ್ಲಿಯ ಪ್ರಥಮ ಚಿಕಿತ್ಸೆಯ ನರ್ಸು ಒಮ್ಮೆ ನೋಡಿದವಳೇ ಆಂಬುಲೆನ್ಸಿಗೆ ಹೇಳಿದಳು. ದಾರಿಯಲ್ಲಿ ಎಷ್ಟು ಕರೆದರೂ ಕೆಲ್ಸಿ ಓಗೊಡಲಿಲ್ಲ.

ಆಸ್ಪತ್ರೆಯ ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಹೆಪ್ಪುಗಟ್ಟಿತ್ತಾ?"

"ಹೌದು," ಎಂದಳು ಅಕ್ಕ.

"ಇದರಲ್ಲಿ ಔಷಧ ಉಳಿದಿಲ್ಲಮ್ಮಾ. ಎರಡು ದಿನದಿಂದ ಮಗುವಿಗೆ ಇನ್ಸುಲಿನ್ನೇ ಬಿದ್ದಿಲ್ಲ. ಉಳೀತಾಳೆ ಅಂತ ಈಗಲೇ ಮಾತು ಕೊಡೋಕಾಗಲ್ಲ."

ರೊಂಡಾ ಕಾರ್ಖಾನೆಯ ಬೂಟಿನಲ್ಲೇ ಬಂದಳು. ಅಕ್ಕನ ಮೇಲೆ ತಪ್ಪು ಬಾರದಿರಲೆಂದು ನಾನೇ ಎದ್ದೆ. "ಬಿಸಿಲಿಗೆ ಔಷಧ ಕೆಟ್ಟುಹೋಯ್ತು ಕಣಮ್ಮಾ..."

"ಬಿಸಿಲಲ್ಲ," ಎಂದಳು ಅಕ್ಕ. "ನಾನು ಐಸಿನ ಮಧ್ಯೆ ಇಟ್ಟೆ. ಕೆಟ್ಟದ್ದನ್ನೇ ಮತ್ತೆ ಮತ್ತೆ ಚುಚ್ಚಿದೆ."

ರೊಂಡಾ ತಾಯಿಯ ಕಡೆ ತಿರುಗಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. "ನಿನ್ನ ನಂಬಿ ಕಳಿಸಿದ್ದೆ ಅಮ್ಮಾ," ಎಂದಷ್ಟೇ ಅಂದು ಒಳಗೆ ಹೋದಳು.

ಕೆಲ್ಸಿ ಉಳಿದಳು. ಕಣ್ಣು ಬಿಡಲು ಎರಡು ದಿನ ಹಿಡಿಯಿತು. ಡ್ರಿಪ್ ತೆಗೆದ ದಿನ ನರ್ಸು ಸೂಜಿ ತುಂಬಿಸಿಕೊಂಡು ಬಂದು, ಮನೆಯಲ್ಲಿ ಯಾರು ಹಾಕುತ್ತೀರಿ, ನನ್ನೆದುರಿಗೆ ಒಮ್ಮೆ ಹಾಕಿ ಎಂದಳು. ಕೆಲ್ಸಿ ನರ್ಸಿನ ಕಡೆ ತಿರುಗಲೂ ಇಲ್ಲ. ಅಂಗಿಯ ತೋಳು ಮೇಲೆ ಸರಿಸಿ ಅಕ್ಕನತ್ತ ಚಾಚಿದಳು.

"ಅಜ್ಜಿ, ಹಾಕು."

ಅಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಗೋಡೆಯವರೆಗೂ ಹಿಂದೆ ಸರಿದಳು. ಕೆಲ್ಸಿಗೆ ಅರ್ಥವಾಗಲಿಲ್ಲ, ತೋಳು ಹಾಗೇ ಹಿಡಿದುಕೊಂಡಿದ್ದಳು. ಕೊನೆಗೆ ರೊಂಡಾ ಸೂಜಿ ತೆಗೆದುಕೊಂಡಳು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ನಿಂತಳು.