ಸಿರುಮುಗೈಗೆ ಹೊರಟ ಕೆಂಪು ಸವಾರಿ

ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯದ ಮಿಲ್ಲುಗಳಿಗೆ ಬೈಕಿನಲ್ಲೋ ಸ್ಕೂಟರಿನಲ್ಲೋ ಬರುವ ಹೆಂಗಸರನ್ನು ನಿಲ್ಲಿಸಿ, ಓಡಿಸಲು ಕಲಿಸಿದವರು ಯಾರೆಂದು ಕೇಳಿದರೆ ಹೆಚ್ಚಿನವರ ಬಾಯಿಂದ ಬರುವುದು ತಮಿಳ್‌ಸೆಲ್ವಿಯ ಹೆಸರೇ. ವಯಸ್ಸು ನಲವತ್ತು ದಾಟಿದೆ, ಕುಳ್ಳಗಿನ ಗಟ್ಟಿ ಆಳು. ಅವಳ ಕೂಗು ಓಡಿಸಲು ಕಲಿಸುವ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುತ್ತದೆ. "ಕೆಳಗೆ ನೋಡ್ಬೇಡ, ಎದುರಿಗೆ ನೋಡು! ನೀ ಎತ್ಲಾಗೆ ನೋಡ್ತೀಯೋ ವಂಡಿ ಅತ್ಲಾಗೇ ಹೋಗ್ತದೆ!" ಕಲಿಯಲು ಬಂದ ಪ್ರತಿಯೊಬ್ಬಳಿಗೂ ಇದೇ ಮೊದಲ ಪಾಠ.

ಅವಳು ಸಿರುಮುಗೈಯ ನೇಕಾರರ ಮನೆಯ ಮಗಳು. ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತಮಿಳು. ಅಪ್ಪ ನೇಯ್ದ ರೇಷ್ಮೆ ಸೀರೆಗಳನ್ನು ಕೊಯಮತ್ತೂರಿನ ಅಂಗಡಿಗಳಿಗೆ ಮುಟ್ಟಿಸುವ ಕೆಲಸ ಮೊದಲು ಅಣ್ಣ ಕಂದಸಾಮಿಯದಾಗಿತ್ತು. ಅಣ್ಣ ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದ ಮೇಲೆ ಅವನ ಬೈಕು ಜಗಲಿಯ ಮೇಲೆ ಸುಮ್ಮನೆ ಧೂಳು ತಿನ್ನುತ್ತಿತ್ತು. ಕಾಲೇಜಿನ ರಜೆಯಲ್ಲಿದ್ದ ಸೆಲ್ವಿ ಅದನ್ನು ಭವಾನಿ ಹೊಳೆಯ ದಂಡೆಗೆ ತಳ್ಳಿಕೊಂಡು ಹೋಗಿ, ಮೊಣಕಾಲು ತರಚಿಕೊಂಡು, ಯಾರ ನೆರವೂ ಇಲ್ಲದೆ ಕಲಿತಳು. ಆಮೇಲೆ ಸೀರೆಯ ಗಂಟು ಹಿಂದೆ ಕಟ್ಟಿಕೊಂಡು ಮೇಟುಪಾಳ್ಯಂ ರಸ್ತೆಯಲ್ಲಿ ಅವಳು ಹೊರಟರೆ ಬಸ್ಸಿನ ಜನ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದರು. ನೋಡಲಿ ಬಿಡು ಅಂದುಕೊಂಡಳು. ಮದುವೆಯಾಗಿ ಪೆರಿಯನಾಯಕನಪಾಳ್ಯಕ್ಕೆ ಬಂದ ಮೇಲೆ ಕೆಲವು ವರ್ಷ ಮಿಲ್ಲಿನ ಕೆಲಸ ಮಾಡಿದಳು. ಜೊತೆಯ ಹೆಂಗಸರಿಗೆ ಬಿಡುವಿನಲ್ಲಿ ಓಡಿಸಲು ಹೇಳಿಕೊಡುತ್ತ ಹೇಳಿಕೊಡುತ್ತ, ಅದೇ ಅವಳ ಕಸುಬಾಗಿ ಹೋಯಿತು.

ಒಂದು ಡಿಸೆಂಬರಿನಲ್ಲಿ ನಿತ್ಯಾ ಮೈದಾನಕ್ಕೆ ಬಂದಳು. ಸೆಲ್ವಿಯ ಹಳೆಯ ಶಿಷ್ಯೆ. ಸಿರುಮುಗೈ ಹತ್ತಿರ, ನಡೆದಾಡಲು ಆಗದ ಮಕ್ಕಳ ಆಶ್ರಮವೊಂದರಲ್ಲಿ ಆರೈಕೆಯ ಕೆಲಸ ಮಾಡುತ್ತಿದ್ದಳು. ಕೊಯಮತ್ತೂರಿನ ಬೈಕ್ ಸಂಘದವರು ವರ್ಷವರ್ಷವೂ ಸಾಂಟಾ ವೇಷ ತೊಟ್ಟು, ಸಾಲಾಗಿ ಹೋಗಿ ಮಿಠಾಯಿ ಹಂಚುವ ವೀಡಿಯೊವನ್ನು ಆಶ್ರಮದ ಮಕ್ಕಳು ಫೋನಿನಲ್ಲಿ ನೋಡಿದ್ದರಂತೆ. ನಮ್ಮಲ್ಲಿಗೆ ಯಾವಾಗ ಬರ್ತಾರೆ ಎಂದು ದಿನವೂ ಒಂದೇ ಹಟ.

"ಸಂಘದ ಶರವಣನ್ ಅವರ್ಗೆ ಫೋನ್ ಮಾಡ್ದೆ ಅಕ್ಕಾ. ಸಿಟಿ ಒಳಗಡೆ ಮಾತ್ರ, ಅಷ್ಟು ದೂರ ಆಗಲ್ಲ ಅಂದ್ಬಿಟ್ರು."

ಸೆಲ್ವಿ ಬೈಕಿನ ಮೇಲಿನಿಂದ ಇಳಿಯಲೂ ಇಲ್ಲ. "ಅವರ್ಗೆ ಆಗಲ್ಲಾಂದ್ರೆ ಬಿಡು. ನಮಗೆ ವಂಡಿ ಇಲ್ವಾ? ಓಡ್ಸಕ್ಕೆ ಬರಲ್ವಾ? ನಾವೇ ಹೋಗ್ತೀವಿ ಅಂತ ಮಕ್ಕಳಿಗೆ ಹೇಳು."

"ಸಾಂಟಾ ಅಂದ್ರೆ ತಾತ ಅಲ್ವಾ ಅಕ್ಕಾ?"

"ಗಡ್ಡ ಅಂಟಿಸ್ಕೊಂಡ್ರೆ ಯಾರು ಬೇಕಾದ್ರೂ ತಾತನೇ."

ಬಟ್ಟೆಯ ವ್ಯವಸ್ಥೆ ಕಂದಸಾಮಿಯಿಂದ ಆಯಿತು. ಅವನ ಕಂಪನಿಯಲ್ಲಿ ವಿದೇಶದ ಕ್ರಿಸ್‌ಮಸ್ ಆರ್ಡರಿಗೆ ಕತ್ತರಿಸಿ ಉಳಿದ ಕೆಂಪು ಬಟ್ಟೆಯನ್ನು ಮೂಟೆ ಕಟ್ಟಿ ಬಸ್ಸಿಗೆ ಹಾಕಿಸಿಕೊಂಡು ತಾನೇ ತಂದ. "ವರ್ಷವೆಲ್ಲಾ ಇದನ್ನೇ ಹೊಲಿದು ಹಡಗು ಏರಿಸ್ತೀವಿ ಸೆಲ್ವಿ. ಯಾರಾದ್ರೂ ತೊಟ್ಕೊಂಡಿದ್ದನ್ನ ಕಣ್ಣಾರೆ ಒಂದ್ಸಲಾನೂ ಕಂಡಿಲ್ಲ" ಎಂದು ನಗುತ್ತ ಮೂಟೆ ಬಿಚ್ಚಿದ.

ಅತ್ತೆ ಅಂಗಮ್ಮನಿಗೆ ಮಾತ್ರ ಇದೆಲ್ಲ ಸರಿಬರಲಿಲ್ಲ. "ಚೌಡೇಶ್ವರಿ ಒಕ್ಕಲು ನಾವು. ನಮಗ್ಯಾಕೆ ಕಿರಿಸ್ತಾನರ ವೇಷ?"

"ಅತ್ತೆ, ಮಕ್ಕಳು ಕಾಯ್ತಾ ಕೂತಿದಾವೆ. ಅಮ್ಮನೋರು ಬೇಡ ಅಂತಾರಾ, ನೀವೇ ಹೇಳಿ."

ಅಂಗಮ್ಮ ಸೊಸೆ ಹೊಲಿಯುತ್ತಿದ್ದ ಗಡ್ಡವನ್ನು ಕೈಯಿಂದ ಕಿತ್ತುಕೊಂಡಳು. "ಇದೇನು ಗಡ್ಡವಾ, ಮೇಕೆ ಬಾಲವಾ? ಹತ್ತಿ ಹಿಂಜೋದು ಹಿಂಗಲ್ಲ, ಕೊಡು ಇಲ್ಲಿ." ಅಷ್ಟೂ ಗಡ್ಡಗಳನ್ನು ಆಕೆಯೇ ಮುಗಿಸಿದಳು.

ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಸೆಲ್ವಿಯೂ ಅವಳ ಶಿಷ್ಯೆಯರೂ ಸೇರಿ ಹನ್ನೊಂದು ಮಂದಿ ಸಾಲಾಗಿ ಹೊರಟರು. ಮುಂದೆ ಸೆಲ್ವಿಯ ಬುಲೆಟ್, ಅದರ ಹಿಂದೆ ಬೈಕುಗಳು, ಕೊನೆಯಲ್ಲಿ ಸ್ಕೂಟರುಗಳು. ಟೋಪಿಯನ್ನು ಹೆಲ್ಮೆಟ್ಟಿನ ಮೇಲೆಯೇ ಎಳೆದು ಕಟ್ಟಿಕೊಂಡಿದ್ದರು. ಕಾರಮಡೈ ದಾಟುವಷ್ಟರಲ್ಲಿ ಗಾಳಿಗೆ ಗಡ್ಡಗಳು ಹಾರಿ ಹೆಲ್ಮೆಟ್ಟಿಗೆ ಸುತ್ತಿಕೊಂಡಿದ್ದವು. ಲಾರಿಯವರು ಹಾರನ್ ಒತ್ತಿದರು. ರಸ್ತೆ ಬದಿಯ ಮಕ್ಕಳು "ತಾತಾ, ತಾತಾ" ಎಂದು ಕೂಗಿ ಕೈಬೀಸಿದರು. ಸೆಲ್ವಿ ಅಲ್ಲಲ್ಲಿ ನಿಲ್ಲಿಸಿ ಜೇಬಿನಿಂದ ಮಿಠಾಯಿ ತೆಗೆದು ಕೊಡುತ್ತಲೇ ಸಾಗಿದಳು.

ಮೇಟುಪಾಳ್ಯಂನಲ್ಲಿ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಮುಖವೇ ಕಾಣದ ಇಷ್ಟು ಜನ ಎಲ್ಲಿಗೆ ಹೊರಟಿರಿ ಎಂದು ತಮಿಳಿನಲ್ಲಿ ಗದರಿಸಿದ. ಸೆಲ್ವಿ ಗಡ್ಡವನ್ನು ಗದ್ದದ ಕೆಳಗೆ ಎಳೆದು, ಲೈಸೆನ್ಸ್ ಮುಂದೆ ಹಿಡಿದಳು.

"ಹೆಂಗಸರಾ!" ಎಂದ ಅವನು.

"ಹೌದು ಸಾರ್. ಎಲ್ಲರ ಹತ್ರಾನೂ ಲೈಸೆನ್ಸ್ ಇದೆ. ನಾನೇ ಕಲಿಸಿದ್ದು, ನೋಡ್ತೀರಾ?" ಎಂದು ಅವಳೂ ತಮಿಳಿನಲ್ಲೇ ಕೇಳಿದಳು. ಅವನು ಸಾಲಿನ ಕೊನೆಯವರೆಗೂ ಕಣ್ಣಾಡಿಸಿ, ನಗು ತಡೆಯಲಾರದೆ, ಎದುರಿನ ಬಸ್ಸನ್ನು ನಿಲ್ಲಿಸಿ ಇವರಿಗೆ ದಾರಿ ಬಿಡಿಸಿದ.

ಆಶ್ರಮದ ಅಂಗಳದಲ್ಲಿ ಮಕ್ಕಳು ಗಾಲಿಕುರ್ಚಿಗಳಲ್ಲಿ, ಚಾಪೆಗಳ ಮೇಲೆ ಕಾಯುತ್ತಿದ್ದರು. ಕೇಕು, ಕುಣಿತ, ಹಾಡು ಎಲ್ಲವನ್ನೂ ನಿತ್ಯಾ ಮೊದಲೇ ಗೊತ್ತುಮಾಡಿದ್ದಳು. ಆದರೆ ಅಷ್ಟೂ ಬೈಕುಗಳು ಒಟ್ಟಿಗೆ ಗುಡುಗುತ್ತ ಒಳನುಗ್ಗಿದಾಗ ಕಾರ್ತಿಕಾ ಎಂಬ ಏಳೆಂಟು ವರ್ಷದ ಹುಡುಗಿ ಕಿಟಾರನೆ ಕಿರುಚಿ ಮುಖ ಮುಚ್ಚಿಕೊಂಡಳು. ಅವಳನ್ನು ನೋಡಿ ಉಳಿದ ಚಿಕ್ಕವರೂ ಅಳಲು ಶುರುಮಾಡಿದರು. ಸವಾರರು ಮಿಠಾಯಿ ಚೀಲ ಹಿಡಿದು ನಿಂತಲ್ಲೇ ನಿಂತರು.

ಸೆಲ್ವಿ ಎಂಜಿನ್ ಆರಿಸಿದಳು. ಹೆಲ್ಮೆಟ್, ಗಡ್ಡ ಎರಡನ್ನೂ ತೆಗೆದು ಸೀಟಿನ ಮೇಲಿಟ್ಟು, ಕಾರ್ತಿಕಾಳ ಗಾಲಿಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. ಹುಡುಗಿ ಬೆರಳ ಸಂದಿಯಿಂದ ನೋಡಿದಳು.

"ನೀವು ತಾತಾ ಅಲ್ವಾ?" ಎಂದು ತಮಿಳಿನಲ್ಲಿ ಕೇಳಿದಳು.

"ಅಲ್ಲ ಚಿನ್ನಾ, ಅತ್ತೆ. ವಂಡಿ ಓಡಿಸೋ ಅತ್ತೆ."

"ಆ ದೊಡ್ಡ ವಂಡಿ ನೀವೇ ಓಡಿಸ್ಕೊಂಡು ಬಂದ್ರಾ?"

"ನಾನೇ. ಕೂತ್ಕೊಳ್ತೀಯಾ?"

ನಿತ್ಯಾ ಒಂದು ಕ್ಷಣ ಹಿಂಜರಿದಳು. ಆ ಹುಡುಗಿಯ ಸೊಂಟದ ಕೆಳಗೆ ಬಲವೇ ಇರಲಿಲ್ಲ. ಸೆಲ್ವಿ ದುಪಟ್ಟಾ ಒಂದನ್ನು ಕೇಳಿ ತೆಗೆದುಕೊಂಡು, ಕಾರ್ತಿಕಾಳನ್ನು ತನ್ನ ಮುಂದೆ ಕೂರಿಸಿ, ಇಬ್ಬರನ್ನೂ ಸೇರಿಸಿ ಬಿಗಿಯಾಗಿ ಕಟ್ಟಿಸಿದಳು. ನಿತ್ಯಾ ಹುಡುಗಿಯ ಕಾಲು ಹಿಡಿದು ಪಕ್ಕದಲ್ಲೇ ನಡೆದಳು. ಬುಲೆಟ್ ಅಂಗಳದ ಬೇವಿನ ಮರ ಸುತ್ತಿ ನಿಧಾನವಾಗಿ ಒಂದು ಸುತ್ತು ಬಂತು. ಎಂಜಿನ್ನಿನ ನಡುಕ ಮೈಗೆ ಹತ್ತಿದಾಗ ಕಾರ್ತಿಕಾಳ ಉಳಿದ ಹೆದರಿಕೆಯೂ ಹೋಯಿತು; ಎರಡನೆಯ ಸುತ್ತಿಗೆ ಹಾರನ್ ಅವಳ ಕೈಯಲ್ಲಿತ್ತು. ಮೂರನೆಯದಕ್ಕೆ "ಇನ್ನೂ ಜೋರಾಗಿ!" ಎಂದು ಆಜ್ಞೆ ಮಾಡಿದಳು.

ಆಮೇಲೆ ಕೇಕಿನ ಗೊಡವೆ ಯಾರಿಗೂ ಇರಲಿಲ್ಲ. ಸವಾರರಲ್ಲಿ ಒಬ್ಬೊಬ್ಬಳೂ ಒಂದೊಂದು ಮಗುವನ್ನು ಕಟ್ಟಿಕೊಂಡಳು, ಸಿಬ್ಬಂದಿ ಪಕ್ಕದಲ್ಲಿ ನಡೆದರು. ಅಂಗಳವೆಲ್ಲ ಹಾರನ್ನಿನ ಸದ್ದು. ಬಿಸಿಲೇರಿ ಕೆಂಪು ಕೋಟುಗಳು ಬೆವರಿಗೆ ಒದ್ದೆಯಾದರೂ ಯಾರೂ ತೆಗೆಯಲಿಲ್ಲ. ಸೆಲ್ವಿಗೆ ಆ ದಿನ ತನ್ನ ಕಸುಬಿನ ಬಗ್ಗೆ ಹುಟ್ಟಿದ ಹೆಮ್ಮೆ ಅದುವರೆಗೆ ಎಂದೂ ಹುಟ್ಟಿರಲಿಲ್ಲ.

ನಿತ್ಯಾ ತೆಗೆದ ವೀಡಿಯೊ ಊರೂರು ತಿರುಗಿತು. ಹೊಸ ವರ್ಷದ ವಾರದಲ್ಲಿ ಶರವಣನ್ ಫೋನ್ ಮಾಡಿ, ಮುಂದಿನ ಸಲ ಸಂಘದ ಸವಾರಿಯಲ್ಲಿ ಹೆಂಗಸರೂ ಸೇರಿಕೊಳ್ಳಬಹುದು ಎಂದ.

"ಸಂತೋಷ ಸಾರ್. ಆದ್ರೆ ನಮ್ಮ ದಾರಿ ಸಿರುಮುಗೈಗೆ. ನೀವು ಬರೋದಾದ್ರೆ ಬನ್ನಿ, ಸಾಲಿನ ಹಿಂದೆ ಜಾಗ ಇದೆ" ಎಂದಳು ಸೆಲ್ವಿ. ಅವನು ಮನಸಾರೆ ನಕ್ಕು, ಬರ್ತೀವಿ ಎಂದ.

ಅವಳು ಡಿಸೆಂಬರಿನವರೆಗೆ ಕಾಯಲಿಲ್ಲ. ಪೊಂಗಲ್ ಮುಗಿದ ಮೊದಲ ಭಾನುವಾರವೇ, ಯಾವ ವೇಷವೂ ಇಲ್ಲದೆ, ಮತ್ತೆ ಆಶ್ರಮದ ಗೇಟಿನ ಮುಂದೆ ಬುಲೆಟ್ ನಿಲ್ಲಿಸಿದಳು. ಹ್ಯಾಂಡಲಿಗೆ ಮಕ್ಕಳ ಅಳತೆಯ ಹಳದಿ ಹೆಲ್ಮೆಟ್ಟೊಂದು ತೂಗುತ್ತಿತ್ತು. ಕಾರ್ತಿಕಾ ಅದನ್ನು ಅಲ್ಲೇ ತಲೆಗೆ ಹಾಕಿಸಿಕೊಂಡಳು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ತೆಗೆಯಲು ಒಪ್ಪಲಿಲ್ಲ.