ಜಗಲಿಯ ಮೇಲಿನ ತಾಮ್ರದ ಕೊಡ

ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನೀರು ಬೆರೆಸಿದ ಹಾಲು ತಂದು ‘ಇಲ್ಲವ್ವಾ, ಖರೆ ಹಾಲು’ ಎಂದ ಹಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿ ಬೈದವಳು ನಾನು. ಅಂಥ ನಾನೇ ಎರಡು ವರ್ಷ, ನಮ್ಮ ಓಣಿಯ ನೀರಿನ ಟಾಕಿಗೆ ತೂಗುಹಾಕಿದ ಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ, ದುಂಡನೆಯ ಅಕ್ಷರದಲ್ಲಿ ಸುಳ್ಳು ಬರೆದೆ: ‘ನೀರು ಕುಡಿಯಲು ಯೋಗ್ಯ.’ ಬೇಕೆಂದು ಬರೆದದ್ದಲ್ಲ. ಆದರೆ ಅದನ್ನು ನಂಬಿ ಕುಡಿದವರಿಗೆ ಆ ಮಾತು ಕಟ್ಟಿಕೊಂಡು ಏನಾಗಬೇಕಿದೆ?

ನಮ್ಮದು ಶಿರಹಟ್ಟಿ ಕಡೆಯ ಸಣ್ಣ ಊರು. ನಳಕ್ಕೆ ಹೊಳೆಯ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ. ಓಣಿಗೊಬ್ಬ ಹೆಂಗಸಿಗೆ ನೀರು ಪರೀಕ್ಷೆ ಮಾಡಲು ಕಲಿಸುತ್ತೇವೆ ಎಂದು ಪಂಚಾಯಿತಿಯವರು ಹೇಳಿದಾಗ ನಾನು ಮುಂದೆ ಬಂದೆ. ಗದಗಿನಿಂದ ಬಂದ ಹುಡುಗಿಯೊಬ್ಬಳು ಒಂದು ಪೆಟ್ಟಿಗೆ ಕೊಟ್ಟು, ಅದರೊಳಗಿನ ಪುಟ್ಟ ಬಾಟಲಿಗಳನ್ನು ತೋರಿಸಿದಳು. ಬಾಟಲಿಗೆ ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಬೇಕು. ನೀರು ಕಪ್ಪಾದರೆ ಅದರಲ್ಲಿ ಹೊಲಸಿನ ಕ್ರಿಮಿ ಸೇರಿದೆ ಎಂದರ್ಥ. ‘ನಳದಿಂದ ನೇರ ಬಾಟ್ಲಿಗೆ ಹಿಡೀರಿ ಅಕ್ಕಾ, ನಡುವ ಬ್ಯಾರೆ ಪಾತ್ರಿ ಬ್ಯಾಡ’ ಎಂದು ಎರಡು ಸಲ ಹೇಳಿದ್ದಳು. ನಾನು ‘ಆತವಾ’ ಅಂದಿದ್ದೆ.

ಅಂದೆ, ಮಾಡಲಿಲ್ಲ. ನಮ್ಮಲ್ಲಿ ನೀರಿನ ಒತ್ತಡ ಕಡಿಮೆ, ಹಾಗಾಗಿ ಎಲ್ಲರ ನಳವೂ ಬಾಗಿಲ ಮುಂದಿನ ತೆಗ್ಗಿನಲ್ಲಿ, ಗಟಾರದ ಮಗ್ಗುಲಿಗೇ ಇದೆ. ಆ ರಾಡಿಯಲ್ಲಿ ಕೂತು, ಅಷ್ಟು ಸ್ವಚ್ಛವಾದ ಬಾಟಲಿಯ ಬಾಯಿ ತೆರೆಯಲು ನನಗೆ ಮನಸ್ಸೇ ಒಪ್ಪಲಿಲ್ಲ. ಮೇಲಾಗಿ ನೀರು ಬಂದ ದಿನ ಉಸಿರಾಡಲು ಪುರಸೊತ್ತೆಲ್ಲಿ? ಬ್ಯಾರಲ್ಲು, ಬಕೀಟು, ಹಂಡೆ ಎಲ್ಲ ತುಂಬಬೇಕು. ಅದಕ್ಕೂ ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಕೊಡ ತುಂಬಿ, ಕುಂಕುಮ ಇಟ್ಟು, ದೇವರ ಜಗಲಿಯ ಮೇಲೆ ಇಡಬೇಕು. ಅದು ಅತ್ತೆಯ ಕಾಲದಿಂದ ಬಂದ ಪದ್ಧತಿ. ಎಂಟು ದಿನಕ್ಕೊಮ್ಮೆ ಮನೆಗೆ ಬರುವ ಗಂಗವ್ವನಿಗೆ ಅಷ್ಟಾದರೂ ಮರ್ಯಾದೆ ಮಾಡಬೇಡವೇ?

ನಾನು ಮಾರನೆಯ ದಿನ ಜಳಕ ಮಾಡಿ, ಮಡಿಯುಟ್ಟು, ಆ ಕೊಡದ ನೀರನ್ನೇ ಬಾಟಲಿಗೆ ಹಾಕುತ್ತಿದ್ದೆ. ಮನೆಯಲ್ಲಿ ಅದಕ್ಕಿಂತ ಚೊಕ್ಕಟವಾದ ಪಾತ್ರೆ ಇನ್ನೊಂದಿರಲಿಲ್ಲ. ಬಾಟಲಿ ಒಂದು ಸಲವೂ ಕಪ್ಪಾಗಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ಹಲಗೆಯ ಮೇಲೆ ಬರೆದು ಬರುತ್ತಿದ್ದೆ. ಓಣಿಯವರು ‘ನೀರಿನ ಡಾಕ್ಟ್ರವ್ವ ಬಂದ್ಲು, ದಾರಿ ಬಿಡ್ರಿ’ ಎಂದು ಚಾಷ್ಟಿ ಮಾಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಹೆಸರು ನನಗೆ ಹಿತವಾಗಿಯೇ ಇತ್ತು.

ಎದುರು ಮನೆಯಾಕೆ ನನಗಿಂತ ಹತ್ತು ವರ್ಷ ಹಿರಿಯಳು. ಅಕ್ಕ ಎಂದೇ ಕರೆಯುತ್ತೇನೆ. ಆಕೆಯ ಸೊಸೆಗೆ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಚೊಚ್ಚಲ ಹೆರಿಗೆಯೂ ಇಲ್ಲೇ ಎಂದು ನಿಶ್ಚಯವಾಗಿತ್ತು. ಅದೇ ಹೊತ್ತಿಗೆ ನನ್ನ ಮಗಳೂ ಗಂಡನ ಊರು ಡೋಣಿಯಿಂದ ಬಾಣಂತನಕ್ಕೆ ಬಂದಿದ್ದಳು. ಇಬ್ಬರಿಗೂ ಏಳು ತುಂಬಿತ್ತು. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತು, ಯಾರ ಹೊಟ್ಟೆ ದೊಡ್ಡದು ಎಂದು ನಗುತ್ತಿದ್ದರು.

ಒಂದು ದಿನ ಅಕ್ಕ ಕೇಳಿದಳು, ‘ತಂಗಿ, ಸೊಸಿಗೆ ನೀರು ಕಾಸಿ ಆರಿಸಿ ಕೊಡ್ಲೇನು? ಯಾಕೋ ನಳದ ನೀರು ವಾಸನಿ ಬರಾಕತ್ತೇತಿ.’

‘ಏನೂ ಬ್ಯಾಡ್ರಿ ಅಕ್ಕಾರ. ಸುಮ್ಮನ ಗ್ಯಾಸ್ ಯಾಕ ಸುಡತೀರಿ? ನನ್ನ ಬಾಟ್ಲಿ ಒಂದ ಸಲನೂ ಕಪ್ಪಾಗಿಲ್ಲ’ ಅಂದೆ.

‘ನೀ ಅಂದಿ ಅಂದ್ರ ಆತು ಬಿಡು’ ಅಂದಳು.

ಮೂರು ವಾರದಲ್ಲಿ ಅಕ್ಕನ ಸೊಸೆಯ ಕಣ್ಣು ಅರಿಶಿನದಂತಾಯಿತು. ಅನ್ನ ಕಂಡರೆ ವಾಂತಿ. ಲಕ್ಷ್ಮೇಶ್ವರದ ಡಾಕ್ಟರು ನೋಡಿದವರೇ ಗದಗಿಗೆ ಕಳಿಸಿದರು. ಕಾಮಣಿ, ಅಂದರೆ ಕಾಮಾಲೆ. ಬಸುರಿಯರಿಗೆ ಬರಬಾರದ ಕಾಮಣಿಯಂತೆ, ನೀರಿನಿಂದ ಬರುತ್ತದಂತೆ. ಓಣಿಯಲ್ಲಿ ಇನ್ನೂ ಇಬ್ಬರಿಗೆ ಅದೇ ಬಂತು. ಜನ ನನ್ನ ಮುಖ ನೋಡತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ‘ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ತಿಂದು ಬಂದು ನೀರಿಗೆ ಯಾಕ ಬೈತೀರಿ?’ ಎಂದು ಒಬ್ಬರ ಮೇಲೆ ಹರಿಹಾಯ್ದೆ.

ಅವರ ಬಾಯಿ ಮುಚ್ಚಿಸಲೆಂದೇ, ಮುಂದಿನ ಸಲ ನೀರು ಬಂದ ದಿನ ಎಲ್ಲರ ಎದುರಿಗೆ ತೆಗ್ಗಿಗಿಳಿದು, ನಳಕ್ಕೆ ನೇರವಾಗಿ ಬಾಟಲಿ ಹಿಡಿದೆ. ಮರುದಿನ ಎಂದಿನಂತೆ ಕೊಡದ ನೀರಿನದೂ ಒಂದು ತುಂಬಿ ಪಕ್ಕದಲ್ಲಿಟ್ಟೆ. ಅದರ ಮಾರನೆಯ ಬೆಳಿಗ್ಗೆ ಮಗಳು ಅಡುಗೆಮನೆಯಿಂದ ಕೂಗಿದಳು, ‘ಯವ್ವಾ, ಇಲ್ಲಿ ಬಾ ಜಲ್ದಿ!’

ನಳದ ಬಾಟಲಿ ಕಾಡಿಗೆಯಷ್ಟು ಕಪ್ಪಾಗಿತ್ತು. ಕೊಡದ ಬಾಟಲಿ ಇಟ್ಟಾಗ ಇದ್ದ ಹಾಗೇ ಇತ್ತು. ಕೊಡದ್ದಕ್ಕೆ ಇನ್ನೊಂದು ದಿನ ಬೇಕು ಎಂದುಕೊಂಡು ಕಾದೆ. ಮರುದಿನವೂ ಅದು ಬದಲಾಗಲಿಲ್ಲ. ನೀರು ಒಂದೇ, ದಿನ ಒಂದೇ, ನಳ ಒಂದೇ. ಕಲಿಸಿದ ಹುಡುಗಿಗೆ ಫೋನ್ ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡು ವಿಚಾರಿಸಿದಳು, ‘ಅಕ್ಕಾ, ಕೊಡ ಯಾತರದು?’

‘ತಾಮ್ರದ್ದವಾ.’

‘ಅಯ್ಯೋ ಅಕ್ಕಾ! ತಾಮ್ರದಾಗ ಒಂದು ರಾತ್ರಿ ಇಟ್ರ ನೀರಿನ್ಯಾಗಿನ ಕ್ರಿಮಿ ಸಾಯತಾವು. ನೀವು ಇಷ್ಟ ದಿನ ಓಣಿ ನೀರು ನೋಡೇ ಇಲ್ಲ. ನಿಮ್ಮ ಕೊಡದ ನೀರು ನೋಡೀರಿ.’

ಎರಡು ವರ್ಷ! ನನ್ನ ಹಲಗೆ, ನನ್ನ ದುಂಡನೆಯ ಅಕ್ಷರ, ನನ್ನ ಠೇಂಕಾರ! ಮಾರನೆಯ ದಿನ ಪಂಚಾಯಿತಿಯವರು ಬಂದು ಓಣಿಯ ತುದಿಯಲ್ಲಿ ನೆಲ ಅಗೆದಾಗ ಒಡೆದ ಪೈಪು ಸಿಕ್ಕಿತು. ಯಾರೋ ಯಾವಾಗಲೋ ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿ ಕಟ್ಟಿದ್ದರು, ಅದರ ಮೇಲೆಯೇ ಗಟಾರ ಹರಿಯುತ್ತಿತ್ತು. ಪೈಪನ್ನು ಬೈಯಲೂ ನನಗೆ ಬಾಯಿ ಏಳಲಿಲ್ಲ.

ಅಕ್ಕನ ಸೊಸೆ ಬದುಕಿದಳು. ಮಗು ಎಂಟನೇ ತಿಂಗಳಲ್ಲೇ ಹುಟ್ಟಿತು, ಅಳಲಿಲ್ಲ. ಅದಾದ ಒಂದು ತಿಂಗಳಿಗೆ ನನ್ನ ಮಗಳಿಗೆ ಗಂಡು ಮಗುವಾಯಿತು. ಓಣಿಗೆ ಸಕ್ಕರೆ ಹಂಚುವ ಪದ್ಧತಿ. ನಾನು ಹಂಚಲಿಲ್ಲ.

ಸೊಸೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಕ್ಕನ ಮನೆಗೆ ಹೋದೆ. ಅಕ್ಕ ಒಬ್ಬಳೇ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ನಿಂತೇ ಎಲ್ಲ ಹೇಳಿದೆ: ಬಾಟಲಿ, ಕೊಡ, ಹಲಗೆ. ‘ತಪ್ಪು ನಂದ್ರಿ ಅಕ್ಕಾರ’ ಎಂದೆ. ಆಕೆ ಬೈದಿದ್ದರೆ, ಮೊರದಲ್ಲಿದ್ದ ಅಕ್ಕಿಯನ್ನು ಮುಖಕ್ಕೆ ಎರಚಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಕೇಳಿದ್ದು ಒಂದೇ ಮಾತು.

‘ನಿನ್ನ ಮಗಳು ಯಾವ ನೀರು ಕುಡೀತಿದ್ಲು?’

ಬಸುರಿಗೆ ದೇವರ ಮುಂದಿನ ನೀರೇ ಆಗಬೇಕೆಂದು ಅವಳು ಬಂದ ದಿನದಿಂದ ಜಗಲಿಯ ಕೊಡದ ನೀರನ್ನೇ ಕೊಟ್ಟಿದ್ದೆ. ಖಾಲಿಯಾದರೆ ಸಂಜೆ ಬ್ಯಾರಲ್ಲಿನ ನೀರಿನಿಂದ ಮತ್ತೆ ತುಂಬಿಡುತ್ತಿದ್ದೆ. ಅವಳನ್ನು ಉಳಿಸಿದ್ದು ಅದೇನೋ, ನನಗೆ ಗೊತ್ತಿಲ್ಲ. ಆದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

‘ಆ ಕೊಡದ್ದರಿ’ ಅಂದೆ.

ಅಕ್ಕ ಕೈಯಲ್ಲಿದ್ದ ಹರಳನ್ನು ಪಕ್ಕಕ್ಕಿಟ್ಟಳು. ತಲೆಯೆತ್ತಿ ಅಟ್ಟದ ಕಡೆ ನೋಡಿದಳು.

‘ನಮ್ಮ ಮನ್ಯಾಗೂ ತಾಮ್ರದ ಕೊಡ ಐತಿ, ತಂಗಿ. ಬಸುರಿ ಹುಡುಗಿಗೆ ತಿಕ್ಕೋ ತ್ರಾಸ ಬ್ಯಾಡಂತ ನಾನ ಮ್ಯಾಲ ಎತ್ತಿಟ್ಟಿದ್ದೆ.’