ಮಾವ ಊದಿದ ದೀಪ

ಸೋದರಮಾವ ಊದಿದ್ದಕ್ಕೆ ಹಣತೆಯ ದೀಪ ಆರಿಹೋಯಿತು. ಚಾಮರಾಜಪೇಟೆಯ ಆ ಮನೆಯಲ್ಲಿ ಯಾರೂ ದೀಪವನ್ನು ಬಾಯಿಂದ ಊದಿ ಆರಿಸುತ್ತಿರಲಿಲ್ಲ, ಅದು ಅಪಶಕುನ. ನಾನು ಅತ್ತೆಯ ಮುಖ ನೋಡಿದೆ.

ಹಳೆಯ ಉಬ್ಬಸದಿಂದ ಮಾವ ಬೀದಿಬಾಗಿಲವರೆಗೂ ನಡೆಯಲಾರದೆ ಹೋಗಿದ್ದರು. ದಿನವೂ ತುಟಿ ಕಿರಿದು ಮಾಡಿ ದೀಪ ಊದಿದರೆ ಉಸಿರಿಗೆ ಬಲ ಬರುತ್ತದೆ, ಜ್ವಾಲೆ ಬಾಗಿದರೆ ಸಾಕು ಎಂದಿದ್ದರು ಡಾಕ್ಟರು. ಆರಿಸಬೇಕಾಗಿಲ್ಲವೆಂದೇ ಅತ್ತೆ ಒಪ್ಪಿದ್ದರು. ತಿಂಗಳಾದರೂ ಜ್ವಾಲೆ ಅಲುಗಿರಲಿಲ್ಲ.

ಅತ್ತೆ ಕಡ್ಡಿ ಗೀರಿ ಮತ್ತೆ ಹಚ್ಚಿದರು. "ಇನ್ನೊಂದ್ಸಲ ಆರ್ಸಿ, ನೋಡೋಣ."

"ಅಪಶಕುನ ಅಲ್ವೇನೆ?" ಎಂದರು ಮಾವ.

"ಅದನ್ನ ನಾನ್ ನೋಡ್ಕೋತೀನಿ. ನೀವು ಊದಿ."

ವಿಜ್ಞಾನ ಓದಿದ್ದ ನನಗೆ ಕಿಟಕಿಯ ಗಾಳಿಯ ಮೇಲೆ ಅನುಮಾನ. ಎದ್ದು ಕಿಟಕಿ ಮುಚ್ಚಿದ್ದು ನಾನೋ ಅತ್ತೆಯೋ, ಈಗ ಖಚಿತವಿಲ್ಲ. ಮುಚ್ಚಿದ ಮೇಲೂ ದೀಪ ಆರಿತು.